ಹಾಡಿನ ಯಜಮಾನ ಬದುಕಿರುವಾಗ

ಎಡ್ವಿನ್ ಡ್ಯಾಪ್ಲಿನ್ನರು ಸಟಲ್‌ಹ್ಯಾಮ್ ಊರಿನ ವಾದ್ಯವೃಂದದಲ್ಲಿ ಹತ್ತೊಂಬತ್ತು ವರ್ಷಗಳಿಂದ ಎರಡನೆಯ ವಿಯೋಲಾ ನುಡಿಸುತ್ತಿದ್ದರು. ಮೊದಲನೆಯ ವಿಯೋಲಾ ಅಂತ ಯಾರೂ ಇರಲಿಲ್ಲ. ಇದ್ದವರು ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಆ ಖಾಲಿ ಕುರ್ಚಿಗೆ ಡ್ಯಾಪ್ಲಿನ್ನರನ್ನು ಸರಿಸಬಹುದೆಂದು ವೃಂದ ನಡೆಸುವ ಪಾದ್ರಿಗಳಿಗೂ ಹೊಳೆದಿರಲಿಲ್ಲ, ಡ್ಯಾಪ್ಲಿನ್ನರಿಗೂ ಹೊಳೆದಿರಲಿಲ್ಲ. ಪಿಟೀಲಿನವರು ರಾಗ ನುಡಿಸುತ್ತಾರೆ, ಚೆಲ್ಲೋದವರು ತಳ ಹಿಡಿಯುತ್ತಾರೆ, ನಡುವೆ ಎಲ್ಲೋ, ಪಿಟೀಲಿಗಿಂತ ತುಸು ದೊಡ್ಡದಾದ ವಿಯೋಲಾ ಇರುತ್ತದೆ. ಒಮ್ಮೆ ಡ್ಯಾಪ್ಲಿನ್ನರು ಜ್ವರ ಬಂದು ಮೂರು ವಾರ ಮಲಗಿದ್ದಾಗ ಪಾದ್ರಿ ಥಿಸಲ್ಟನ್ನರು, "ಯಾಕೋ ಈಚೆಗೆ ನಮ್ಮ ನಾದ ತುಂಬ ತಿಳಿಯಾಗಿದೆ" ಎಂದು ಎಲ್ಲರನ್ನೂ ಅಭಿನಂದಿಸಿದ್ದರು.

ಹಗಲು ಹೊತ್ತು ಡ್ಯಾಪ್ಲಿನ್ನರು ಬೀದಿ ಮೂಲೆಯಲ್ಲಿ ಬಟ್ಟೆ ಅಂಗಡಿ ನಡೆಸುತ್ತಿದ್ದರು. ನಾರ್ವಿಚ್ ಪಟ್ಟಣದಿಂದ ಇಲ್ಲಿಗೆ ಬಂದು ಇಪ್ಪತ್ತು ವರ್ಷವಾಗಿತ್ತು. ಊರವರ ದೃಷ್ಟಿಯಲ್ಲಿ ಅವರು ಇನ್ನೂ ಮೊನ್ನೆ ಬಂದವರು.

ಆ ವರ್ಷದ ಏಪ್ರಿಲ್‌ನಲ್ಲಿ ಜಿಲ್ಲೆಯ ಸಂಗೀತೋತ್ಸವದವರಿಂದ ಒಂದು ಕಾಗದ ಬಂತು. ಪ್ರತಿ ಊರಿನ ವಾದ್ಯವೃಂದವೂ ತನ್ನದೇ ಊರಿನ ಹಳೆಯ ಜನಪದ ಹಾಡೊಂದನ್ನು ವಾದ್ಯಗಳಿಗೆ ಹೊಂದಿಸಿ ನುಡಿಸಬೇಕು; ಡಾಕ್ಟರ್ ಪೆಲ್ಹಮ್ ವ್ರೈ ಎಂಬ ವಿದ್ವಾಂಸರು ಊರೂರಿಗೆ ಬಂದು ಕೇಳಿ ಬೆಳ್ಳಿಯ ಬಟ್ಟಲು ಕೊಡುತ್ತಾರೆ. ಆಗಿನ ಕಾಲಕ್ಕೆ ಇಂಗ್ಲೆಂಡಿನಲ್ಲಿ ಇದೊಂದು ಗೀಳು. ಸೈಕಲ್ ಹತ್ತಿ, ಹೊಲಗದ್ದೆ ತಿರುಗಿ, ಮುದುಕರ ಬಾಯಿಂದ ಹಾಡು ಬಿಡಿಸಿಕೊಳ್ಳುವ ಮಹನೀಯರು ದಿಕ್ಕು ದಿಕ್ಕಿಗೆ ಕಾಣುತ್ತಿದ್ದರು. ಕೆಲವು ಮುದುಕರಂತೂ ಸೈಕಲ್ಲಿನ ಗಂಟೆ ಕೇಳಿದೊಡನೆ ಹಿತ್ತಲ ಬಾಗಿಲಿನಿಂದ ಪರಾರಿಯಾಗುತ್ತಿದ್ದರು.

"ನಮ್ಮೂರಿನ ಹಳೇ ಹಾಡು ಯಾರಿಗಾದ್ರೂ ಗೊತ್ತಾ?" ಎಂದು ಪಾದ್ರಿಗಳು ವೃಂದದ ಸಭೆಯಲ್ಲಿ ಕೇಳಿದರು. ವೈದ್ಯರ ಹೆಂಡತಿ ಸೂರು ನೋಡಿದರು. ಶಾಲೆಯ ಮೇಷ್ಟ್ರು ಶೂ ನೋಡಿಕೊಂಡರು. ಔಷಧದಂಗಡಿಯ ಮಿಸ್ಟರ್ ಸೇಯರ್ ತಮ್ಮ ಕ್ಲಾರಿನೆಟ್ಟಿನೊಳಗೆ ಇಣುಕಿದರು. ಆ ಮೌನದಲ್ಲಿ ಯಾರೋ, "ನಾನು ಒಂದನ್ನ ಸಂಗ್ರಹಿಸಿದೀನಿ" ಎಂದರು. ಎಲ್ಲರೂ ತಮ್ಮ ಕಡೆ ತಿರುಗಿದಾಗಲೇ ಡ್ಯಾಪ್ಲಿನ್ನರಿಗೆ ಆ ಯಾರೋ ತಾವೇ ಎಂದು ಗೊತ್ತಾದದ್ದು.

ಅವರು ಏನನ್ನೂ ಸಂಗ್ರಹಿಸಿರಲಿಲ್ಲ. ಆದರೆ ಹತ್ತೊಂಬತ್ತು ವರ್ಷ ಯಾರ ಕಿವಿಗೂ ಬೀಳದೆ ಬದುಕಿದ ಮನುಷ್ಯನಿಗೆ ಒಮ್ಮೆಯಾದರೂ ಕೇಳಿಸಬೇಕು ಅನ್ನಿಸಿದರೆ ಅದು ಅಪರಾಧವಲ್ಲ.

ಊರಿನಲ್ಲಿ ಹಾಡು ಹುಟ್ಟುವ, ಬೆಳೆಯುವ ಜಾಗ ಒಂದೇ: 'ಮೂರು ಬಾತು' ಎಂಬ ಪಬ್ಬು. ಅಲ್ಲಿಗೆ ಡ್ಯಾಪ್ಲಿನ್ನರು ಕಾಲಿಡುವಂತಿರಲಿಲ್ಲ. ಅವರ ಹೆಂಡತಿ ಆಗ್ನೆಸ್ ಪಾನನಿರೋಧ ಸಂಘದ ಕಾರ್ಯದರ್ಶಿ. ಹಾಗಾಗಿ ಶನಿವಾರ ಸಂಜೆ ಡ್ಯಾಪ್ಲಿನ್ನರು ಪಬ್ಬಿನ ಹಿಂದುಗಡೆ, ಕಿಟಕಿಯ ಕೆಳಗೆ, ತುರಿಕೆ ಸೊಪ್ಪಿನ ಪೊದೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಅಂಗಡಿಯ ಚೀಟಿ ಪುಸ್ತಕದ ಬೆನ್ನಿಗೆ ಸ್ವರ ಬರೆದುಕೊಂಡರು. ಒಳಗೆ ಹಾಡುತ್ತಿದ್ದವನು ಎಬೆನ್ ಲಾರ್ವುಡ್, ಊರಿಗೆಲ್ಲ ಎಬೆನ್ ತಾತ. ಮನೆಗಳಿಗೆ ಹುಲ್ಲು ಹೊದಿಸುತ್ತಿದ್ದ ಎಂಬತ್ತು ದಾಟಿದ ಮುದುಕ. ಹಾಡಿನ ಮಾತು ಲೋಟ ಕುಟ್ಟುವ ಸದ್ದಿನಲ್ಲಿ ಕೇಳಿಸಲಿಲ್ಲ. ರಾಗ ಮಾತ್ರ ಚೆನ್ನಾಗಿ ಸಿಕ್ಕಿತು. ಇಂಥ ರಾಗಕ್ಕೆ ಮಾತೂ ಅಷ್ಟೇ ಉದಾತ್ತವಾಗಿರಬೇಕು, ಯಾವನೋ ಹಳೆಯ ರಾಜನ ಕಥೆ ಇರಬೇಕು ಎಂದು ಡ್ಯಾಪ್ಲಿನ್ನರು ತುರಿಸಿಕೊಳ್ಳುತ್ತ ಮನೆಗೆ ನಡೆದರು.

ಗಿರಣಿಯವನ ಹಂದಿಯೊಂದು ಪಾದ್ರಿಯ ಟೋಪಿ ತಿಂದ ಕಥೆ ಅದು. ಒಟ್ಟು ಹದಿನಾಲ್ಕು ಚರಣ.

ಹಾಡಿನ ಮಾತು ತಿಳಿಯದಿದ್ದರೆ ಹೋಗಲಿ. ಡ್ಯಾಪ್ಲಿನ್ನರಿಗೆ ತಿಳಿಯದ ಇನ್ನೊಂದು ಸಂಗತಿ ಇತ್ತು. ಒಂದು ದಿನವಾದರೂ ಆ ಪಬ್ಬಿನೊಳಗೆ ಕೂತಿದ್ದರೆ ಗೊತ್ತಾಗುತ್ತಿತ್ತು. 'ಮೂರು ಬಾತು'ವಿನಲ್ಲಿ ಪ್ರತಿ ಹಾಡಿಗೂ ಒಬ್ಬ ಯಜಮಾನ ಇರುತ್ತಾನೆ. ಹಂದಿಯ ಹಾಡು ಎಬೆನ್ ತಾತನದು, ನಾವಿಕನ ಹಾಡು ಜೋಬ್ ಗೂಚನದು, ಕೋಗಿಲೆಯದು ಕಮ್ಮಾರನದು. ಪಲ್ಲವಿಗೆ ಎಲ್ಲರೂ ದನಿ ಕೂಡಿಸಬಹುದು, ಲೋಟ ಕುಟ್ಟಬಹುದು. ಆದರೆ ಯಜಮಾನ ಬದುಕಿರುವಾಗ ಬೇರೊಬ್ಬ ಆ ಹಾಡನ್ನು ಎತ್ತುವಂತಿಲ್ಲ. ಇನ್ನೊಬ್ಬನ ಹೆಂಡತಿಯ ಸೊಂಟಕ್ಕೆ ಕೈ ಹಾಕಿದರೂ ಆ ಊರಲ್ಲಿ ಕ್ಷಮೆ ಇತ್ತು, ಇದಕ್ಕೆ ಇರಲಿಲ್ಲ. ಒಬ್ಬನ ಹಾಡು ಮತ್ತೊಬ್ಬರಿಂದ ಕೇಳಿಬಂತೆಂದರೆ ಅರ್ಥ ಒಂದೇ: ಯಜಮಾನ ಮಣ್ಣು ಸೇರಿದ.

ಡ್ಯಾಪ್ಲಿನ್ನರು ಮೂರು ವಾರ ಕೂತು ಹಾಡನ್ನು ಹದಿನೇಳು ವಾದ್ಯಗಳಿಗೆ ಹಂಚಿದರು. ಮೇ ತಿಂಗಳ ಒಂದು ಮಂಗಳವಾರ ಮಧ್ಯಾಹ್ನ ಶಾಲೆಯ ಕೊಠಡಿಯಲ್ಲಿ ಮೊದಲ ಅಭ್ಯಾಸ ನಡೆಯಿತು. ಅದೇ ಹೊತ್ತಿಗೆ ಪಬ್ಬಿನ ಒಡತಿ ಮಿಸೆಸ್ ಯೂಟಿಂಗ್ ಹಾಲಿನ ಕ್ಯಾನು ಹಿಡಿದು ಕಿಟಕಿಯ ಪಕ್ಕ ಹಾದುಹೋದಳು. ಗಕ್ಕನೆ ನಿಂತಳು. ಕ್ಯಾನು ಕೆಳಗಿಟ್ಟಳು. ಏಪ್ರನ್ನಿನ ತುದಿಯಿಂದ ಕಣ್ಣೊರಸಿಕೊಂಡು ನೆಟ್ಟಗೆ ಎಬೆನ್ ತಾತನ ಮನೆಯ ಕಡೆ ನಡೆದಳು. ಮನೆಯ ಪರದೆಗಳೆಲ್ಲ ಇಳಿದಿದ್ದವು. ಸಾವಿನ ಮನೆಯಲ್ಲಲ್ಲದೆ ಹಗಲಿನಲ್ಲಿ ಪರದೆ ಇಳಿಸುವ ಪದ್ಧತಿ ಆ ನಾಡಿನಲ್ಲಿಲ್ಲ.

ಅಸಲಿಗೆ ತಾತ ಹಿಂದಿನ ದಿನ ಬೆಳಗ್ಗೆ ಸಾಮಾನು ಬಂಡಿ ಹತ್ತಿ ಕಡಲ ದಂಡೆಯ ಯಾರ್ಮತ್‌ನಲ್ಲಿದ್ದ ಮಗಳ ಮನೆಗೆ, ಮರಿಮಗುವಿನ ನಾಮಕರಣಕ್ಕೆ ಹೋಗಿದ್ದ. ಸತ್ತ ಹೆಂಡತಿ ನೇಯ್ದ ಕಂಬಳಿಯ ಬಣ್ಣ ಬಿಸಿಲಿಗೆ ಹೋಗದಿರಲಿ ಎಂದು ಪರದೆ ಇಳಿಸಿದ್ದ. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಎಲ್ಲರೂ ಒಣಮೀನು ತರಲು ಹೇಳುತ್ತಾರೆ ಎಂದು ಅವನಿಗೆ ಗೊತ್ತಿತ್ತು.

"ಜೋಬ್, ತಾತ ಹೋಗ್ಬಿಟ್ಟ" ಎಂದಳು ಮಿಸೆಸ್ ಯೂಟಿಂಗ್.

ಜೋಬ್ ಗೂಚ್ ಚರ್ಚಿನ ಗಂಟೆ ಹೊಡೆಯುವವನು, ಗುಂಡಿ ತೋಡುವವನೂ ಅವನೇ. "ಯಾರ್ ಹೇಳಿದ್ದು?" ಎಂದ.

"ಪಾದ್ರಿಗಳೇ ಶಾಲೇಲಿ ಅವನ ಹಾಡು ಬಾರಿಸ್ತಾ ಇದಾರೆ. ಇನ್ನೇನ್ ಬೇಕು?"

ಜೋಬ್ ಟೋಪಿ ತೆಗೆದ. "ಹಂಗಾದ್ರೆ ನಿನ್ನೆ ಮಳೇಲಿ ಸಾಮಾನು ಬಂಡಿಯೋನು ಗೋಣಿತಾಟು ಹೊದಿಸ್ಕೊಂಡು ಹೋಗಿದ್ದು ಅವನ್ನೇ. ಎರಡು ಬೂಟು ಹೊರಗೆ ಕಾಣ್ತಿತ್ತು. ಹಂದಿ ಮಾಂಸ ಅಂದ್ಕೊಂಡೆ ನಾನು."

"ಬೂಟು ಹಾಕ್ಕೊಂಡಿರೋ ಹಂದಿ ಮಾಂಸನಾ?"

"ಮಳೆ ಜೋರಾಗಿತ್ತು."

ಜೋಬ್ ಪಾದ್ರಿಗಳ ಹತ್ತಿರ ಹೋಗಿ, ಎಬೆನ್ ತಾತನಿಗೆ ಗಂಟೆ ಹೊಡೆಯಲೇ ಎಂದು ಕೇಳಿದ. ಪಾದ್ರಿಗಳು ಬೆಚ್ಚಿಬಿದ್ದು, ಛೆ ಛೆ, ತಮಗೆ ಯಾರೂ ತಿಳಿಸಲೇ ಇಲ್ಲವಲ್ಲ, ಹೊಡೆ ಎಂದರು. ಪಾದ್ರಿಗಳಿಗೆ ಜೋಬ್ ಹೇಳಿದ್ದೇ ಪ್ರಮಾಣ. ಜೋಬ್‌ಗೆ ಪಾದ್ರಿಗಳು ಒಪ್ಪಿದ್ದೇ ಪ್ರಮಾಣ. ಹೀಗೆ ಇಬ್ಬರು ಪ್ರಾಮಾಣಿಕರು ಸೇರಿ, ಆ ಹೊತ್ತಿನಲ್ಲಿ ಯಾರ್ಮತ್‌ನಲ್ಲಿ ಬೇಯಿಸಿದ ಏಡಿ ತಿನ್ನುತ್ತಿದ್ದ ಮುದುಕನನ್ನು ಸಾಯಿಸಿದರು.

ಡ್ಯಾಪ್ಲಿನ್ನರು ಅಂಗಡಿಗೆ ಮರಳಿ ಫ್ಲಾನೆಲ್ ಅಳೆಯುತ್ತಿದ್ದಾಗ ಗಂಟೆ ಶುರುವಾಯಿತು. ಮೂರು ಸಲ ಮೂರು ಪೆಟ್ಟು, ಅಂದರೆ ಗಂಡಸು. ಆಮೇಲೆ ವಯಸ್ಸಿಗೆ ಒಂದೊಂದು. ಎಂಬತ್ತೊಂದಕ್ಕೆ ನಿಂತಿತು. ಅಷ್ಟರಲ್ಲಿ ಶೋಕಕ್ಕೆ ತೋಳಿಗೆ ಕಟ್ಟುವ ಕಪ್ಪು ಪಟ್ಟಿ ಕೇಳಿಕೊಂಡು ಆರು ಜನ ಅಂಗಡಿಗೆ ಬಂದಿದ್ದರು.

"ಯಾರು ಹೋದದ್ದು?" ಎಂದು ಕೇಳಿದರು ಡ್ಯಾಪ್ಲಿನ್ನರು.

ಮಿಸೆಸ್ ಯೂಟಿಂಗ್ ಅವರನ್ನು ಒಂದು ಥರಾ ನೋಡಿದಳು. "ನಮ್ಮನ್ನ ಕೇಳ್ತೀರಾ ಮಿಸ್ಟರ್ ಡ್ಯಾಪ್ಲಿನ್? ನೀವು ನುಡಿಸಿದ್ ಮೇಲೇ ಅಲ್ವಾ ನಮಗೆ ಗೊತ್ತಾಗಿದ್ದು, ಎಬೆನ್ ತಾತ ಇಲ್ಲ ಅಂತ."

ಡ್ಯಾಪ್ಲಿನ್ನರ ಕೈಯಲ್ಲಿದ್ದ ಅಳತೆ ಕೋಲು ಕೆಳಗೆ ಬಿತ್ತು. ಈ ಮಾತಿಗೆ ಸರಳವಾದ ಅರ್ಥವೊಂದಿತ್ತು. ಅದು ಅವರ ತಲೆಯ ಹತ್ತಿರವೂ ಸುಳಿಯಲಿಲ್ಲ. ತಮ್ಮ ಸಂಗೀತದಲ್ಲಿ ಸಾವಿನ ಸೂಚನೆ ಕೇಳಿಸಿತು, ಊರಿಗೇ ಕೇಳಿಸಿತು, ಕಲಾವಿದನ ಆತ್ಮಕ್ಕೆ ಸುದ್ದಿ ಮೊದಲೇ ಮುಟ್ಟಿತ್ತು ಎಂದು ಅವರು ಅರ್ಥ ಮಾಡಿಕೊಂಡರು. ಆ ಸಂಜೆ ಆಗ್ನೆಸ್ ಬಡಿಸಿದ ಕುರಿಮಾಂಸ ಅವರ ತಟ್ಟೆಯಲ್ಲೇ ತಣ್ಣಗಾಯಿತು.

"ಏನಾಯ್ತು ನಿಮಗೆ?" ಎಂದರು ಆಗ್ನೆಸ್.

"ಆಗ್ನೆಸ್, ನನಗೆ ಮೊದಲೇ ಗೊತ್ತಿತ್ತು. ನನಗೆ ಗೊತ್ತಿದೆ ಅಂತ ನನಗೆ ಗೊತ್ತಿರಲಿಲ್ಲ, ಅಷ್ಟೆ."

"ನಿಮಗೆ ಆ ತುರಿಕೆ ಇನ್ನೂ ವಾಸಿಯಾಗಿಲ್ಲ" ಎಂದು ಆಗ್ನೆಸ್ ಮುಲಾಮು ತರಲು ಎದ್ದರು.

ಡ್ಯಾಪ್ಲಿನ್ನರು ಇಡೀ ಕೃತಿಯನ್ನು ಹರಿದು ಹೊಸದಾಗಿ ಬರೆದರು. ಹಾಡಿನ ಗತಿಯನ್ನು ಕಾಲು ಭಾಗಕ್ಕೆ ಇಳಿಸಿದರು. ಮಿಸ್ಟರ್ ಸೇಯರ್ ಕ್ಲಾರಿನೆಟ್ಟಿನಲ್ಲಿ ಒಬ್ಬರೇ ನಿಟ್ಟುಸಿರಿಡಬೇಕು. ಪಿಟೀಲುಗಳು ದೂರದಿಂದ ಅಳಬೇಕು. ಡೋಲಿಗೆ ಬಟ್ಟೆ ಸುತ್ತಬೇಕು. ಕೊನೆಯಲ್ಲಿ ಉಳಿದವರೆಲ್ಲ ನಿಲ್ಲಿಸಿದ ಮೇಲೆ ವಿಯೋಲಾ ಒಂದೇ ಎಂಟು ಆವರ್ತ ನುಡಿಸಬೇಕು. ಮೇಲ್ಗಡೆ 'ಹುಲ್ಲು ಹೊದಿಸುವವನಿಗೆ ಚರಮಗೀತೆ' ಎಂದು ಬರೆದರು.

ಅತ್ತ ಊರಿನಲ್ಲಿ ತಾತನ ಸಾವು ದಿನದಿನಕ್ಕೆ ಪುಷ್ಟಿಯಾಗುತ್ತಿತ್ತು. ಬುಧವಾರಕ್ಕೆ ಅವನ ಕಾಯಿಲೆಯ ಹೆಸರು ಗೊತ್ತಾಯಿತು. ಶುಕ್ರವಾರಕ್ಕೆ ಕೊನೆಯ ಮಾತುಗಳು ಬಂದವು, ಎರಡು ಬೇರೆ ಬೇರೆ ಪಾಠಗಳಲ್ಲಿ. ಮಗಳು ತನ್ನೂರಿನಲ್ಲೇ ಮಣ್ಣು ಮಾಡಿ, ಹುಟ್ಟಿದೂರಿನವರಿಗೆ ಸಾವಿನೂಟದ ಒಂದು ತುಂಡು ಹಂದಿಮಾಂಸ ಕೂಡ ತಿನ್ನಿಸಲಿಲ್ಲ ಎಂದು ಎಲ್ಲರಿಗೂ ಬೇಸರವಿತ್ತು. ಪಾದ್ರಿಗಳು ಸಾಂತ್ವನದ ಪತ್ರ ಬರೆದರು. ಮಗಳ ಗಂಡನ ಹೆಸರು ಯಾರಿಗೂ ಗೊತ್ತಿಲ್ಲದ್ದರಿಂದ 'ದಿವಂಗತ ಲಾರ್ವುಡ್ಡರ ಮಗಳಿಗೆ, ಯಾರ್ಮತ್' ಎಂದು ವಿಳಾಸ ಹಾಕಿದರು. ಅಂಚೆಯವರು ಅದನ್ನು ಏನು ಮಾಡಿದರೋ ದೇವರೇ ಬಲ್ಲ.

ಮುಂದಿನ ವಾರದ ಶನಿವಾರ ಮಧ್ಯಾಹ್ನ ಡಾಕ್ಟರ್ ವ್ರೈ ಬಂದರು. ಉದ್ದ ಕಾಲಿನ, ಸಣ್ಣ ಕನ್ನಡಕದ ಮನುಷ್ಯ. ಪ್ರದರ್ಶನ ಚರ್ಚಿಗೆ ಸೇರಿದ ದೊಡ್ಡ ಕಣಜದಲ್ಲಿ. ಪಬ್ಬಿನ ಮಂದಿ ಯಾವತ್ತೂ ವಾದ್ಯವೃಂದದ ಕಡೆ ತಲೆ ಹಾಕಿದವರಲ್ಲ. ಅವತ್ತು ಮಾತ್ರ ಪಬ್ಬಿಗೆ ಬೀಗ ಹಾಕಿ, ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಬಂದು ಹಿಂದಿನ ಬೆಂಚುಗಳಲ್ಲಿ ಕೂತಿದ್ದರು. ಆಗ್ನೆಸ್ ಮುಂದಿನ ಸಾಲಿನಲ್ಲಿದ್ದರು. ಪಾದ್ರಿಗಳು ಮೃತನ ಬಗ್ಗೆ ನಾಲ್ಕು ಮಾತಾಡಿ, ವಾದ್ಯದವರಿಗೆ ಸನ್ನೆ ಕೊಡುವ ಕೋಲೆತ್ತಿದರು.

ಚರಮಗೀತೆ ಶುರುವಾಯಿತು. ಮಿಸ್ಟರ್ ಸೇಯರ್ ನಿಟ್ಟುಸಿರಿಟ್ಟರು. ಹಿಂದಿನ ಸಾಲಿನಲ್ಲಿ ಕಮ್ಮಾರ ಸೊರಸೊರ ಮೂಗೊರಸಿದ. ಡಾಕ್ಟರ್ ವ್ರೈ ಕಣ್ಣು ಮುಚ್ಚಿದರು. ಡ್ಯಾಪ್ಲಿನ್ನರು ತಮ್ಮ ಎಂಟು ಆವರ್ತಕ್ಕೆ ಎಷ್ಟು ಪುಟ ಬಾಕಿಯಿದೆ ಎಂದು ನೋಡಿ ತಲೆ ಎತ್ತಿದರು. ಕಣಜದ ಬಾಗಿಲಿನಲ್ಲಿ ದಿವಂಗತ ಎಬೆನ್ ಲಾರ್ವುಡ್ ನಿಂತಿದ್ದ. ಕೈಯಲ್ಲಿ ಒಣಮೀನಿನ ಪೊಟ್ಟಣವಿತ್ತು.

ಕೂಗಿಕೊಳ್ಳಬೇಕು ಅನ್ನಿಸಿತು ಡ್ಯಾಪ್ಲಿನ್ನರಿಗೆ. ಆದರೆ ಎರಡನೆಯ ವಿಯೋಲಾದವರು ನಡುವೆ ಕೂಗುವ ಪದ್ಧತಿಯಿಲ್ಲ. ಕಮಾನು ತಾನಾಗಿ ಆಡುತ್ತಿತ್ತು. ತಾತ, ಇದು ಯಾರದೋ ಸಾವಿನ ಕಾರ್ಯ ಎಂದು ತಿಳಿದು ಮರ್ಯಾದೆಯಿಂದ ಟೋಪಿ ತೆಗೆದ. ಹಿಂದಿನ ಬೆಂಚಿನ ತುದಿಯಲ್ಲಿ, ತಲೆ ತಗ್ಗಿಸಿ ಕೂತಿದ್ದ ಜೋಬ್‌ನ ಪಕ್ಕ ಕೂತ.

"ಯಾರ್ ಸತ್ತಿದ್ದು?" ಎಂದು ಪಿಸುಗುಟ್ಟಿದ. ತಾತನ ಪಿಸುಮಾತು ಎರಡು ಹೊಲದಾಚೆ ಕೇಳಿಸುವಂಥದ್ದು.

ಜೋಬ್ ತಲೆಯೆತ್ತದೆ, "ಎಬೆನ್ ತಾತ" ಎಂದ. ಆಮೇಲೆ ಪಕ್ಕಕ್ಕೆ ತಿರುಗಿದ. ಬಹಳ ಹೊತ್ತು ನೋಡಿದ. "ನೀನೇ" ಎಂದ.

"ಯಾವಾಗ?"

"ಹೋದ್ ವಾರ. ಮಂಗಳವಾರ."

"ಗಂಟೆ ಹೊಡೆದ್ಯಾ?"

"ಹೊಡೆದೆ. ಎಂಬತ್ತೊಂದು."

"ಎಂಬತ್ತೆರಡು" ಎಂದ ತಾತ. "ಒಂದು ಕಮ್ಮಿ ಹೊಡೆದಿದೀಯ."

ಬೆಂಚುಗಳು ಕಿರುಗುಟ್ಟಿದವು. ಮಿಸೆಸ್ ಯೂಟಿಂಗ್ ತಾತನ ಕೆನ್ನೆ ಹಿಂಡಿ ನೋಡಿದಳು. ಆದರೆ ತಾತನಿಗೆ ತಾನು ಸತ್ತ ವಿಷಯದಲ್ಲಿ ಆಸಕ್ತಿ ಹೊರಟುಹೋಗಿತ್ತು. ಅವನ ಕಿವಿ ನೆಟ್ಟಗಾಗಿತ್ತು. ಈ ಅಳುಬುರುಕ ಸದ್ದಿನೊಳಗಿನಿಂದ ತನ್ನ ಹಂದಿ ಮೂತಿ ಹೊರಗೆ ಹಾಕುತ್ತಿರುವುದು ಅವನಿಗೆ ಗೊತ್ತಾಯಿತು. ಎದ್ದ. ಕೋಲು ಊರಿಕೊಂಡು ನಡುವಿನ ದಾರಿಯಲ್ಲಿ ಮುಂದೆ ಬಂದ. ಮಿಸ್ಟರ್ ಸೇಯರ್ ಅವನನ್ನು ಕಂಡದ್ದೇ ಕ್ಲಾರಿನೆಟ್ಟಿನಿಂದ ತುಳಿಸಿಕೊಂಡ ಬಾತಿನ ಸದ್ದೊಂದು ಹೊರಟು, ವಾದ್ಯಗಳು ಒಂದೊಂದಾಗಿ ನಿಂತವು.

"ಪಾದ್ರಿಗಳೇ, ನಾನು ಸತ್ತಿದ್ರೆ ಸತ್ತಿರ್ಲಿ, ಅದು ನಿಮ್ಮ ಇಲಾಖೆ" ಎಂದ ತಾತ. "ಆದ್ರೆ ಹಂದಿ ಏನ್ ಪಾಪ ಮಾಡಿತ್ತು? ಹಿಂಗೆ ನಡೆದ್ರೆ ಅದು ಟೋಪಿ ಹತ್ರ ಹೋಗೋ ಹೊತ್ತಿಗೆ ಪಾದ್ರಿ ಪಿಂಚಣಿ ತಗೊಂಡು ಹೋಗಿರ್ತಾನೆ."

"ಹಂದಿನಾ? ಯಾವ ಹಂದಿ?" ಎಂದರು ಪಾದ್ರಿಗಳು.

ತಾತ ಕೋಲಿನಿಂದ ನೆಲಕ್ಕೆ ನಾಲ್ಕು ಏಟು ಹೊಡೆದು ಎತ್ತಿದ:

"ಗಿರಣಿಯೋನ ಹಂದಿ, ಪಾದ್ರಿ ಟೋಪಿ ತಿಂತು,
ಟೋಪಿ ತಿಂದು ಚರ್ಚಿನಲ್ಲಿ ಮುಂದ್ಗಡೆ ಕುಂತು!"

ಹಿಂದಿನ ಸಾಲುಗಳು ಇಷ್ಟು ದಿನ ಹಿಡಿದಿಟ್ಟ ದುಃಖವನ್ನೆಲ್ಲ ಒಂದೇ ಸಲ ಪಲ್ಲವಿಗೆ ಸುರಿದವು. ಲೋಟವಿಲ್ಲದ್ದಕ್ಕೆ ಬೆಂಚು ಕುಟ್ಟಿದರು. ಕಣಜದ ತೊಲೆಯ ಮೇಲಿನ ಪಾರಿವಾಳಗಳು ಎದ್ದು ಹಾರಿದವು. ಪಿಟೀಲಿನವರು ಓಡಿ ಹಿಡಿಯಲು ನೋಡಿದರು, ಡೋಲಿನವನು ಸುತ್ತಿದ ಬಟ್ಟೆ ಕಿತ್ತೆಸೆದ. ಪಾದ್ರಿಗಳ ಕೋಲು, ಅವರು ಬೇಡವೆಂದರೂ, ಹಂದಿಯ ಗತಿಗೆ ಆಡತೊಡಗಿತು. ಡ್ಯಾಪ್ಲಿನ್ನರೂ ನುಡಿಸಿದರು, ಕಿವಿಯವರೆಗೆ ಕೆಂಪಾಗಿ. ಹದಿನಾಲ್ಕು ಚರಣವೂ ಆಯಿತು. ಹನ್ನೊಂದನೆಯದಕ್ಕೆ ಆಗ್ನೆಸ್ ಮುಖ ಮುಚ್ಚಿಕೊಂಡರು. ಅವರ ಭುಜ ಮಾತ್ರ ಕುಲುಕುತ್ತಿತ್ತು.

ಡಾಕ್ಟರ್ ವ್ರೈ ಕಣ್ಣೊರೆಸಿಕೊಂಡು ಎದ್ದರು. "ಇಂಥದ್ದನ್ನ ನಾನು ಕೇಳಿರಲೇ ಇಲ್ಲ. ಇದು ನಾರ್ವಿಚ್‌ನ ದೊಡ್ಡ ಸಭೆಗೆ ಹೋಗಬೇಕು. ಈ ಕೃತಿ ಯಾರದು?"

ಎಲ್ಲರೂ ಡ್ಯಾಪ್ಲಿನ್ನರ ಕಡೆ ತಿರುಗಿದರು. ಹತ್ತೊಂಬತ್ತು ವರ್ಷ ಕಾದ ಪ್ರಶ್ನೆ ಅದು. ಅವರು ಬಾಯಿ ತೆರೆದರು. ಅಷ್ಟರಲ್ಲಿ ಮಿಸೆಸ್ ಯೂಟಿಂಗ್ ಸೊಂಟಕ್ಕೆ ಕೈಕೊಟ್ಟು ಎದ್ದು ನಿಂತಿದ್ದಳು.

"ಅವರದ್ದು ಹೆಂಗಾಗತ್ತೆ ಸ್ವಾಮಿ? ಅದು ಎಬೆನ್ ತಾತನ ಹಾಡು. ಯಜಮಾನ ಬದುಕಿರುವಾಗ ಇನ್ನೊಬ್ಬರು ಎತ್ತಬಾರದು. ಇವರು ಎತ್ತಿದ್ರು. ಅದಕ್ಕೇ ನಾವು ತಾತ ಸತ್ತ ಅಂದ್ಕೊಂಡಿದ್ದು. ಇಪ್ಪತ್ತು ವರ್ಷದಿಂದ ಊರಲ್ಲಿದಾರೆ, ಇಷ್ಟು ಗೊತ್ತಾಗ್ಬೇಡ್ವಾ?"

ಡ್ಯಾಪ್ಲಿನ್ನರಿಗೆ ಆಗ ಗೊತ್ತಾಯಿತು. ಸೂಚನೆಯೂ ಇರಲಿಲ್ಲ, ಆತ್ಮವೂ ಇರಲಿಲ್ಲ. ಮುದುಕನನ್ನು ಕೊಂದದ್ದು ತಾವೇ. ಕೊಂದು, ಚರಮಗೀತೆ ಬರೆದು, ಕೊನೆಗೆ ತಮಗೊಂದು ಎಂಟು ಆವರ್ತ ಇಟ್ಟುಕೊಂಡದ್ದೂ ತಾವೇ. ನಾಚಿಕೆಯಿಂದ ಅವರಿಗೆ ನೆಲ ಬಾಯಿ ಬಿಡಬಾರದೆ ಅನ್ನಿಸಿತು. "ನನ್ನದಲ್ಲ" ಎಂದರು. "ಅವರದು. ನಾನು ಕಿಟಕಿ ಕೆಳಗೆ ಕೂತು ಕದ್ದದ್ದು." ವಿಯೋಲಾ ಬಗಲಿಗೆ ಸಿಕ್ಕಿಸಿಕೊಂಡು ಅವರು ಹೊರಗೆ ನಡೆದರು.

ಡಾಕ್ಟರ್ ವ್ರೈ ಬಟ್ಟಲನ್ನು ಪಕ್ಕದೂರಿನವರಿಗೆ ಕೊಟ್ಟುಬಿಟ್ಟರು. ಅವರ ಹಾಡು ಸಪ್ಪೆಯಾಗಿದ್ದರೂ ಅದರಿಂದ ಯಾರೂ ಸತ್ತಿರಲಿಲ್ಲ.

ಒಂದು ಗಂಟೆಯೊಳಗೆ ಜೋಬ್ ಅಂಗಡಿಗೆ ಬಂದ. "ತಾತ ಕರೀತಿದಾನೆ. ಪಬ್ಬಿಗೆ. ಪಿಟೀಲೂ ತರಬೇಕಂತೆ."

"ಇದು ಪಿಟೀಲಲ್ಲ" ಎಂದರು ಡ್ಯಾಪ್ಲಿನ್ನರು, ಸೋತ ದನಿಯಲ್ಲಿ. ಆಗ್ನೆಸ್‌ರ ಮುಖ ನೋಡಿದರು.

"ಹೋಗಿ" ಎಂದರು ಆಗ್ನೆಸ್. "ಮಾಡಿದ್ದು ಉಣ್ಣಬೇಕಲ್ಲ. ನಾನೂ ಬರ್ತೀನಿ, ಬಾಗಿಲ ತನಕ."

'ಮೂರು ಬಾತು' ಕಿಕ್ಕಿರಿದಿತ್ತು. ಡ್ಯಾಪ್ಲಿನ್ನರು ಒಳಗೆ ಹೋದರು. ತಾತ ಒಲೆಯ ಪಕ್ಕದ ತನ್ನ ಜಾಗದಲ್ಲಿದ್ದ. ಡ್ಯಾಪ್ಲಿನ್ನರು ಟೋಪಿ ತೆಗೆದು, ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದ ಕ್ಷಮೆಯ ಮಾತು ಶುರುಮಾಡಿದರು. ತಾತ ಕೈ ಎತ್ತಿ ತಡೆದ.

"ನೋಡಿ ಮಿಸ್ಟರ್. ಆ ಬೇಗ ಬೇಗ ಹಾಡೋ ಹಂದಿ ಹಾಡಿದೆಯಲ್ಲ, ಅದು ನಂದು. ನಮ್ಮಪ್ಪ ಸತ್ತ ಮೇಲೆ ನಂಗ್ ಬಂದಿದ್ದು. ನಾನಿರೋ ತನಕ ಅದನ್ನ ನೀವೂ ಮುಟ್ಟಬಾರದು, ಆ ಉದ್ದ ಕಾಲಿನೋನೂ ಮುಟ್ಟಬಾರದು, ನಾರ್ವಿಚ್‌ನೋರೂ ಮುಟ್ಟಬಾರದು."

"ಮುಟ್ಟಲ್ಲ" ಎಂದರು ಡ್ಯಾಪ್ಲಿನ್ನರು.

"ಆ ನಿಧಾನದ್ದು ಬೇರೆ. ಅದನ್ನ ನಾನು ಯಾವತ್ತೂ ಹಾಡ್ಲಿಲ್ಲ, ನಮ್ಮಪ್ಪಾನೂ ಹಾಡ್ಲಿಲ್ಲ. ಏನ್ ಜೋಬ್, ನೀನೇನಾದ್ರೂ ಹಾಡಿದ್ಯಾ?"

"ನಂಗ್ಯಾಕೆ ಬೇಕು ಅದು" ಎಂದ ಜೋಬ್.

"ಯಾರೂ ಹಾಡಿಲ್ಲ. ಹಂಗಾದ್ರೆ ಅದು ನಿಮ್ದು" ಎಂದ ತಾತ. ಕಮ್ಮಾರ ಸ್ವಲ್ಪ ಯೋಚಿಸಿ ತಲೆಯಾಡಿಸಿದ. ಮಿಸೆಸ್ ಯೂಟಿಂಗ್ ತಲೆಯಾಡಿಸಿದಳು. ಆ ಪಬ್ಬಿನಲ್ಲಿ ಆಸ್ತಿಪಾಸ್ತಿಯ ತೀರ್ಮಾನವಾಗುವ ಕ್ರಮ ಇದೇ. "ಕಣಜದಲ್ಲಿ ನಾನು ಅರ್ಧಕ್ಕೇ ನಿಲ್ಲಿಸಿಬಿಟ್ಟೆ. ಕೊನೇಲಿ ಏನೋ ಇತ್ತಂತೆ, ನೀವೊಬ್ರೇ ನುಡಿಸೋದು. ಅದನ್ನ ಕೇಳ್ಬೇಕು."

ಮಿಸೆಸ್ ಯೂಟಿಂಗ್ ಮೇಜಿಗೆ ಹೂಜಿ ಕುಟ್ಟಿದಳು. "ಎಲ್ಲಾ ಸುಮ್ನಿರಿ. ಮಿಸ್ಟರ್ ಡ್ಯಾಪ್ಲಿನ್ ಅವರ ಹಾಡು."

ಡ್ಯಾಪ್ಲಿನ್ನರು ವಿಯೋಲಾ ಗಲ್ಲಕ್ಕಿಟ್ಟರು. ಶುರುವಿನ ಸ್ವರ ಕೊಂಚ ಕುಂಟಿತು. ಆಮೇಲೆ ಸರಿಹೋಯಿತು. ಎಂಟು ಆವರ್ತ ಮುಗಿಯುವಷ್ಟರಲ್ಲಿ ಗಂಡಸರೆಲ್ಲ ಟೋಪಿ ತೆಗೆದಿದ್ದರು, ಕಮ್ಮಾರ ಮತ್ತೆ ಸೊರಸೊರ ಅನ್ನುತ್ತಿದ್ದ. ಎಲ್ಲರಿಗಿಂತ ಹೆಚ್ಚು ಅತ್ತವನು ಎಬೆನ್ ತಾತನೇ. ಲೋಟ ಹಿಡಿದ ಕೈಯಿಂದಲೇ ಕೆನ್ನೆ ಒರಸಿಕೊಂಡ.

"ಪಾಪ, ಒಳ್ಳೆ ಮನುಷ್ಯ ಆಗಿದ್ದೆ ಕಣ್ರೋ ನಾನು" ಎಂದ. "ಇನ್ನೊಂದ್ಸಲ ನುಡಿಸಿ."

ಹತ್ತೊಂಬತ್ತು ವರ್ಷದಲ್ಲಿ ಡ್ಯಾಪ್ಲಿನ್ನರಿಗೆ ಯಾರೂ ಆ ಮಾತು ಹೇಳಿರಲಿಲ್ಲ. ಅವರು ಬಾಗಿಲ ಕಡೆ ನೋಡಿದರು. ಪಾನನಿರೋಧ ಸಂಘದ ಕಾರ್ಯದರ್ಶಿಗಳು ಹೊಸ್ತಿಲು ದಾಟಿ ಒಳಗೆ ಬಂದು, ಜೋಬ್‌ನನ್ನು ಆಚೆ ಸರಿಸಿ, ಬೆಂಚಿನ ತುದಿಯಲ್ಲಿ ಕೂತಿದ್ದರು. ಡ್ಯಾಪ್ಲಿನ್ನರು ಕಮಾನು ಎತ್ತಿದರು.